ಪಂಚಾಯತಿಯ ಕಾರ್ಯವಿಧಾನ: ಐದು ಹಂತಗಳ ಅಳತೆಗೋಲು

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಲ್ಲತ್ತಹಳ್ಳಿಯು ಒಂದು ಕಾಲಕ್ಕೆ ಕೆರೆಯಂಚಿನ ಗ್ರಾಮ. ಇಂದು ಮಹಾನಗರದ ಬಡಾವಣೆ. ಬೆಂಗಳೂರಿನ ಸುತ್ತಣ ಹಲವು ಗ್ರಾಮ ಪಂಚಾಯತಿಗಳು ಅದೇ ಹಾದಿಯಲ್ಲಿವೆ. ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ. ಕೆಲಸದ ಕ್ರಮ ಮಾತ್ರ ಹಳೆಯದೇ ಉಳಿಯುತ್ತದೆ. ಯಾವ ಬೀದಿಗೆ ಯಾವ ವಾಲ್ವ್ ಎಂಬುದು ನೀರಗಂಟಿಯೊಬ್ಬರ ನೆನಪಿನಲ್ಲಷ್ಟೇ ಇದ್ದರೆ, ಅವರು ರಜೆಯಲ್ಲಿರುವ ದಿನ ಊರಿಗೆ ನೀರಿಲ್ಲ. ಇದು ವ್ಯಕ್ತಿಯ ದೋಷವಲ್ಲ. ವ್ಯವಸ್ಥೆಯು ಇನ್ನೂ ಪಕ್ವವಾಗಿಲ್ಲವೆಂಬುದರ ಗುರುತು.

ಈ ಸ್ಥಿತಿಯನ್ನು ಅಳೆಯುವ ಸಾಧನವೇ ಪಕ್ವತಾ ಮಾದರಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ 1991ರಲ್ಲಿ ಸಾಫ್ಟ್‌ವೇರ್ ಸಂಸ್ಥೆಗಳಿಗೆಂದು ಇಂತಹ ಐದು ಹಂತಗಳ ಮಾದರಿಯನ್ನು ಪ್ರಕಟಿಸಿತು. ಬೆಂಗಳೂರಿನ ವಿಪ್ರೊ 1998ರಲ್ಲಿ ಅದರ ಐದನೆಯ ಹಂತವನ್ನು ತಲುಪಿತು. ಅದೇ ತತ್ತ್ವವನ್ನು ಕುಡಿಯುವ ನೀರಿನ ಪೂರೈಕೆಗೆ ಹೀಗೆ ಅನ್ವಯಿಸಬಹುದು:

1. ಆರಂಭಿಕ: ಕೆಲಸವು ವ್ಯಕ್ತಿಯ ನೆನಪನ್ನು ಅವಲಂಬಿಸಿರುತ್ತದೆ.
2. ಪುನರಾವರ್ತಿತ: ನೀರು ಬಿಡುವ ದಿನ, ವೇಳೆ ವಹಿಯಲ್ಲಿ ದಾಖಲಾಗುತ್ತವೆ, ಬದಲಿ ಸಿಬ್ಬಂದಿಯೂ ಅದನ್ನು ನೋಡಿ ನಿರ್ವಹಿಸಬಲ್ಲರು.
3. ನಿರ್ದಿಷ್ಟ: ಎಲ್ಲ ಗ್ರಾಮಗಳಿಗೂ ಲಿಖಿತವಾದ ಒಂದೇ ಕ್ರಮ, ವಾಲ್ವ್‌ಗಳ ನಕ್ಷೆ, ದೂರು ವಹಿ, ನೀರಿನ ಪರೀಕ್ಷೆಯ ವೇಳಾಪಟ್ಟಿ ಇರುತ್ತವೆ.
4. ಮಾಪಿತ: ದುರಸ್ತಿಗೆ ಎಷ್ಟು ದಿನ, ಪ್ರತಿಯೊಬ್ಬರಿಗೆ ಜಲ ಜೀವನ್ ಮಿಷನ್‌ನ ಗುರಿಯಾದ ದಿನಕ್ಕೆ 55 ಲೀಟರ್ ನೀರು ದೊರೆತಿದೆಯೇ ಎಂಬುದನ್ನು ಪ್ರತಿ ತಿಂಗಳು ಲೆಕ್ಕ ಹಾಕಲಾಗುತ್ತದೆ.
5. ಸುಧಾರಿತ: ಮೋಟಾರು ಪದೇ ಪದೇ ಸುಡಲು ಕಾರಣವೇನೆಂದು ಆ ಲೆಕ್ಕದಿಂದಲೇ ಅರಿತು ಮೂಲವನ್ನು ಸರಿಪಡಿಸಲಾಗುತ್ತದೆ.

ಹಂತಗಳನ್ನು ಹಾರಿ ಮೇಲೇರಲಾಗದು. ವಹಿಯೇ ಇಲ್ಲದ ಕಡೆ ಕಂಪ್ಯೂಟರ್ ತಂದಿಟ್ಟರೆ ಅದರಲ್ಲಿ ತುಂಬಲು ನಂಬತಕ್ಕ ಅಂಕಿಯೇ ಇರುವುದಿಲ್ಲ. ಎರಡನೆಯ ಹಂತದಲ್ಲಿರುವವರು ಮೂರನೆಯದನ್ನಷ್ಟೇ ಗುರಿಯಾಗಿಸಿಕೊಳ್ಳುವುದು ಲೇಸು.

ಕೇಂದ್ರ ಪಂಚಾಯತಿ ರಾಜ್ ಸಚಿವಾಲಯದ ಪಂಚಾಯತ್ ಪ್ರಗತಿ ಸೂಚ್ಯಂಕವು 9 ವಿಷಯಗಳಡಿ ಪಂಚಾಯತಿಗಳಿಗೆ ಅಂಕ ನೀಡಿ ಐದು ವರ್ಗಗಳಲ್ಲಿ ಇರಿಸುತ್ತದೆ. ಸೂಚ್ಯಂಕವು ಫಲವನ್ನು ಅಳೆದರೆ, ಪಕ್ವತಾ ಮಾದರಿಯು ಆ ಫಲ ನೀಡುವ ಕಾರ್ಯಕ್ರಮವನ್ನು ಅಳೆಯುತ್ತದೆ. ಎರಡರಲ್ಲಿಯೂ ಹೆಚ್ಚು ಅಂಕದ ಆಸೆಗೆ ಇಲ್ಲದ್ದನ್ನು ಇದೆಯೆಂದು ಬರೆದರೆ ನಷ್ಟ ಪಂಚಾಯತಿಗೇ. ‘ನಾವು ಮೊದಲನೆಯ ಹಂತದಲ್ಲಿದ್ದೇವೆ’ ಎಂದು ನಡವಳಿಯಲ್ಲಿ ದಾಖಲಿಸುವುದು ಅವಮಾನವಲ್ಲ. ಸುಧಾರಣೆ ಅಲ್ಲಿಂದಲೇ ಆರಂಭ.

ಸದಸ್ಯರ ಅವಧಿ ಐದು ವರ್ಷ. ಅಧಿಕಾರಿಗಳಿಗೆ ವರ್ಗಾವಣೆ ಇದ್ದೇ ಇದೆ. ಉಳಿಯುವುದು ಬರೆದಿಟ್ಟ ಕ್ರಮ ಮಾತ್ರ. ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ನೀರು, ಕರ ವಸೂಲಿ, ಬೀದಿದೀಪ ಇವುಗಳಲ್ಲಿ ಒಂದನ್ನು ಆಯ್ದು, ನೀರಗಂಟಿ, ಕರ ವಸೂಲಿಗಾರರನ್ನೂ ಕೂರಿಸಿಕೊಂಡು ಹಂತವನ್ನು ನಿರ್ಧರಿಸಿ, ಆರು ತಿಂಗಳ ನಂತರ ಮರು ಅಳತೆ ಮಾಡಿ, ಫಲಿತಾಂಶವನ್ನು ಗ್ರಾಮ ಸಭೆಯ ಮುಂದಿಡಬೇಕೆಂದು ಕೋರಲಾಗಿದೆ.