ನಾಡಿ ಹಿಡಿದ ಕೈ

ನಾಡಿ ನೋಡುವವನ ಬೆರಳು ಹಗುರವಾಗಿರಬೇಕೆಂದು ಬಲ್ಲವರು ಹೇಳುತ್ತಾರೆ. ಬೆರಳನ್ನು ಗಟ್ಟಿಯಾಗಿ ಒತ್ತಿದರೆ ನಾಡಿ ಸಿಗುವುದಿಲ್ಲ. ರೋಗಿಯಲ್ಲಿಲ್ಲದ ದೋಷ ಪರೀಕ್ಷಕನ ಕೈಯಿಂದಲೇ ಹುಟ್ಟಿಕೊಳ್ಳುತ್ತದೆ. ಪರೀಕ್ಷೆಯೂ ಒಂದು ಕ್ರಿಯೆ. ಕ್ರಿಯೆಯೆಂದಮೇಲೆ ಅದಕ್ಕೊಂದು ಪರಿಣಾಮ ಇದ್ದೇ ಇರುತ್ತದೆ. ಈ ಹಳೆಯ ವಿವೇಕವನ್ನು ನಮ್ಮ ಕಾಲದ ಸಣ್ಣದೊಂದು ತೊಂದರೆಗೆ ಅನ್ವಯಿಸಿ ನೋಡುವುದು ಇಂದಿನ ಭಾಷಣದ ಉದ್ದೇಶ. ಚೆನ್ನಾಗಿ ನಡೆಯುತ್ತಿದ್ದ ಗಣಕಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗಿಬಿಡುವುದು, ಕಾರಣವನ್ನು ಹುಡುಕುತ್ತ ಹೋದಾಗ ಯಂತ್ರದ ಆರೋಗ್ಯವನ್ನು ಕಾಯಲೆಂದು ನಾವೇ ಕೂರಿಸಿದ ಕಾವಲುಗಾರ ಸಿಕ್ಕಿಬೀಳುವುದು: ಇದೇ ಆ ತೊಂದರೆ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿರುವ ಕೋಗಿಲು ಹಿಂದೆ ಕೆರೆ ಹೊಲಗಳ ಹಳ್ಳಿ. ಇಂದು ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಲ್ಲಿ ಒಳಕ್ಕೆ ತಿರುಗಿದರೆ ಕಾಣುವುದು ಬಡಾವಣೆಗಳು, ಅವುಗಳ ನಡುವೆ ಸಾಲುಸಾಲು ಅಂಗಡಿಗಳು. ಅಂತಹ ಸಾಲಿನಲ್ಲಿ ಅಕ್ಷರಜೋಡಣೆಯ ಒಂದು ಪುಟ್ಟ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಮದುವೆಯ ಕರೆಯೋಲೆ, ಶಾಲೆಯ ಪ್ರಶ್ನಪತ್ರಿಕೆ, ನಿವೃತ್ತ ಉಪಾಧ್ಯಾಯರೊಬ್ಬರ ಆತ್ಮಕಥೆ, ಎಲ್ಲವೂ ಅಲ್ಲಿ ಒಂದೇ ಯಂತ್ರದ ಮೇಲೆ ಸಿದ್ಧವಾಗುತ್ತವೆ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ ಉಷ್ಣತೆ 38.5 ಡಿಗ್ರಿ ಮುಟ್ಟಿತ್ತು. ಅಂತಹ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಗಣಕದ ಫ್ಯಾನು ಹೋ ಎಂದು ಕೂಗತೊಡಗಿದರೆ ಅಂಗಡಿಯವನಿಗೆ ದಿಗಿಲಾಗುವುದು ಸಹಜ. ಅವನು ಯಂತ್ರದ ಶಾಖವನ್ನೂ ಫ್ಯಾನಿನ ವೇಗವನ್ನೂ ಸೆಕೆಂಡಿಗೊಮ್ಮೆ ಪರದೆಯ ಮೂಲೆಯಲ್ಲಿ ತೋರಿಸುವ ಉಚಿತ ತಂತ್ರಾಂಶವೊಂದನ್ನು ತಂದು ಕೂರಿಸುತ್ತಾನೆ. ಅದಾದ ವಾರದಲ್ಲಿ, ಆತ್ಮಕಥೆಯ ಹದಿನಾಲ್ಕನೆಯ ಪುಟದಲ್ಲಿ, ಯಂತ್ರ ನಿಂತುಬಿಡುತ್ತದೆ. ಮೌಸಿನ ಬಾಣ ಅಲುಗುವುದಿಲ್ಲ. ಉಳಿಸದೆ ಇದ್ದ ಪುಟಗಳು ಹೋದವು.

ಇಲ್ಲಿಂದ ಮುಂದಿನ ಕಥೆ ಬಹುಮಟ್ಟಿಗೆ ಎಲ್ಲ ಊರುಗಳಲ್ಲೂ ಒಂದೇ. ಮೊದಲ ಅನುಮಾನ ಶಾಖದ ಮೇಲೆ. ಹೊಸ ಫ್ಯಾನು ಬರುತ್ತದೆ. ಎರಡನೆಯದು ಸ್ಮೃತಿಕೋಶದ ಮೇಲೆ. ಹೊಸ ರ್‍ಯಾಮ್ ಬರುತ್ತದೆ. ಮೂರನೆಯದು ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಮೇಲೆ, ಅದೂ ಬದಲಾಗುತ್ತದೆ. ಮೂರು ತಿಂಗಳ ಲಾಭ ಹೀಗೆ ಕರಗಿದರೂ ಯಂತ್ರ ನಿಲ್ಲುವುದು ಮಾತ್ರ ನಿಲ್ಲುವುದಿಲ್ಲ. ಇಷ್ಟರಲ್ಲಿ ಆ ಉಪಾಧ್ಯಾಯರು ತಮ್ಮ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆದು ಬೇರೆಡೆಗೆ ಒಯ್ದಿರುತ್ತಾರೆ. ಪರದೆಯ ಮೂಲೆಯಲ್ಲಿ ಮಿನುಗುವ ಅಂಕಿಗಳನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ಕಳ್ಳನನ್ನು ಹಿಡಿಯಲು ಬಂದವನನ್ನು ಕಳ್ಳನೆನ್ನಲು ಮನಸ್ಸು ಒಪ್ಪದಷ್ಟೆ.

ಈ ಕಾವಲುಗಾರ ಮಾಡುವ ಕೆಲಸವಾದರೂ ಏನು? ಗಣಕದ ಮುಖ್ಯ ಫಲಕದ ಮೇಲೆ ಶಾಖ, ವಿದ್ಯುದೊತ್ತಡ, ಫ್ಯಾನಿನ ವೇಗ ಇವುಗಳನ್ನು ಅಳೆಯುವ ಚಿಕ್ಕ ಚಿಪ್ಪುಗಳಿರುತ್ತವೆ. ಅವುಗಳಲ್ಲಿ ಕೆಲವನ್ನು ಮಾತನಾಡಿಸುವುದು ಎಸ್‌ಎಂಬಸ್ ಎಂಬ ಕಿರುದಾರಿಯ ಮೂಲಕ. 1982ರಲ್ಲಿ ಫಿಲಿಪ್ಸ್ ಸಂಸ್ಥೆ ರೂಪಿಸಿದ ಎರಡು ತಂತಿಗಳ ಪದ್ಧತಿಯೊಂದನ್ನು ಆಧರಿಸಿ ಇಂಟೆಲ್ 1995ರಲ್ಲಿ ಇದನ್ನು ಗೊತ್ತುಪಡಿಸಿತು. ಅದರ ಮೂಲ ವೇಗ ಸೆಕೆಂಡಿಗೆ ಒಂದು ಲಕ್ಷ ಬಿಟ್ಟುಗಳು. ಸೆಕೆಂಡಿಗೆ ಕೋಟಿಗಟ್ಟಲೆ ಕೆಲಸ ಮಾಡುವ ಯಂತ್ರದೊಳಗೆ ಇದು ಹೆದ್ದಾರಿಯ ಮಗ್ಗುಲಿನ ಕಾಲುದಾರಿ ಇದ್ದಂತೆ. ಈ ದಾರಿಯಲ್ಲಿ ಕಾವಲುಗಾರ ಒಬ್ಬನೇ ಓಡಾಡುವುದಿಲ್ಲ. ಯಂತ್ರದ ಹುಟ್ಟಿನೊಂದಿಗೇ ಬಂದ ಬಯೋಸ್ ಕೂಡ ಅಲ್ಲಿ ಓಡಾಡಬಹುದು. ಫಲಕದ ತಯಾರಕರು ಕೊಟ್ಟ ಬಣ್ಣಬಣ್ಣದ ದೀಪಗಳ ತಂತ್ರಾಂಶವೂ ಓಡಾಡಬಹುದು.

ತೊಂದರೆಯ ಬೇರು ಇಲ್ಲಿದೆ. ಅನೇಕ ಚಿಪ್ಪುಗಳನ್ನು ಓದುವುದು ಎರಡು ಹೆಜ್ಜೆಗಳ ಕೆಲಸ. ಮೊದಲು ಯಾವ ಪುಟ ಬೇಕೆಂದು ಹೇಳಬೇಕು, ಆಮೇಲೆ ಆ ಪುಟದಲ್ಲಿರುವುದನ್ನು ಓದಬೇಕು. ಗ್ರಂಥಾಲಯದಲ್ಲಿ ಒಂದೇ ನಿಘಂಟನ್ನು ಇಬ್ಬರು ಬಳಸುತ್ತಿದ್ದಾರೆಂದುಕೊಳ್ಳೋಣ. ನಾನು ‘ಕ’ಕಾರದ ಪುಟವನ್ನು ತೆರೆದು ಕನ್ನಡಕ ತೆಗೆದುಕೊಳ್ಳಲು ತಿರುಗಿದ ಕ್ಷಣದಲ್ಲಿ ಇನ್ನೊಬ್ಬರು ‘ಮ’ಕಾರಕ್ಕೆ ಮಗುಚಿದರೆ, ನಾನು ಓದುವ ಅರ್ಥ ಬೇರೆಯಾಗುತ್ತದೆ. ಓದುವುದಷ್ಟೇ ಆದರೆ ತಪ್ಪು ಅಂಕಿ ಕಂಡೀತು, ಅಷ್ಟೆ. ಆದರೆ ಬರೆಯುವವರೂ ಇದ್ದಾರೆ: ಫ್ಯಾನಿನ ವೇಗವನ್ನು ಬದಲಿಸುವವರು, ದೀಪದ ಬಣ್ಣವನ್ನು ಬದಲಿಸುವವರು. ತೆರೆದ ಪುಟ ಬೇರೆಯಾಗಿದ್ದರೆ ಅವರ ಬರಹ ಬೀಳಬಾರದ ಕಡೆ ಬೀಳುತ್ತದೆ. ಆಗ ಯಂತ್ರ ಕಂಗೆಟ್ಟು ನಿಲ್ಲುವುದರಲ್ಲಿ ಆಶ್ಚರ್ಯವೇನು? ಇದನ್ನು ತಪ್ಪಿಸಲು ತಂತ್ರಾಂಶ ಬರೆಯುವವರು ತಮ್ಮೊಳಗೆ ಒಂದು ಬೀಗದ ಒಪ್ಪಂದವನ್ನು ಮಾಡಿಕೊಂಡಿದ್ದಾರೆ. ಒಬ್ಬನ ಕೆಲಸ ಮುಗಿಯುವ ತನಕ ಇನ್ನೊಬ್ಬ ಕಾಯಬೇಕು. ಒಪ್ಪಂದಕ್ಕೆ ಸೇರದವನೊಬ್ಬನಿದ್ದರೂ ಬೀಗ ವ್ಯರ್ಥ.

ಇದು ಬರಿಯ ತರ್ಕವಲ್ಲ, ದಾಖಲಾದ ಸಂಗತಿ. 2000ದ ಇಸವಿಯ ಆಸುಪಾಸಿನಲ್ಲಿ ಲಿನಕ್ಸ್ ವ್ಯವಸ್ಥೆಯ ಸಂವೇದಕ ತಂತ್ರಾಂಶವೊಂದು ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಗಣಕಗಳಲ್ಲಿ ‘ಇಲ್ಲಿ ಯಾರಿದ್ದೀರಿ?’ ಎಂದು ಬಾಗಿಲು ತಟ್ಟುತ್ತ ಹೋಯಿತು. ಅಲ್ಲಿದ್ದ ಒಂದು ಸ್ಮೃತಿ ಚಿಪ್ಪಿಗೆ ಆ ತಟ್ಟುವಿಕೆಯೇ ಬರೆಯುವ ಆಜ್ಞೆಯಂತೆ ತೋರಿ ಅದರ ಒಳಗಿನ ಲೆಕ್ಕ ಕೆಟ್ಟಿತು. ಯಂತ್ರಗಳು ಮತ್ತೆ ಏಳಲಿಲ್ಲ. 2016ರಲ್ಲಿ ಡೆಲ್ ಗಣಕಗಳ ಸಂದರ್ಭದಲ್ಲಿ ಇನ್ನೊಂದು ಬಗೆಯ ತೊಡಕು ಬೆಳಕಿಗೆ ಬಂದಿತು. ‘ಈ ಫ್ಯಾನು ಯಾವ ಬಗೆಯದು?’ ಎಂಬ ಪ್ರಶ್ನೆಗೆ ಕೆಲವು ಮಾದರಿಗಳಲ್ಲಿ ಬಯೋಸ್ ಉತ್ತರ ಕೊಡುವಷ್ಟು ಹೊತ್ತೂ ಸಂಸ್ಕಾರಕ ಉಳಿದೆಲ್ಲ ಕೆಲಸವನ್ನು ಬಿಟ್ಟು ಕಾಯಬೇಕಾಗುತ್ತಿತ್ತು; ನೋಡುವವರಿಗೆ ಯಂತ್ರ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ಲಿನಕ್ಸ್‌ನವರು ಕಂಡುಕೊಂಡ ಪರಿಹಾರ ನಮ್ಮ ಅಜ್ಜಿಯರು ಹೇಳಬಹುದಾಗಿದ್ದಂಥದು: ಒಮ್ಮೆ ಕೇಳಿ ಉತ್ತರವನ್ನು ನೆನಪಿಟ್ಟುಕೋ, ಕೇಳಿದರೆ ಸಿಟ್ಟಾಗುವವರನ್ನು ಕೇಳಲೇಬೇಡ.

ಕೋಗಿಲು ಕ್ರಾಸಿನ ಮುಂದೆ ಹಾಯ್ದುಹೋಗುವ ಬಳ್ಳಾರಿ ರಸ್ತೆಯಲ್ಲೇ ಉತ್ತರಕ್ಕೆ ಸಾಗಿದರೆ ದೇವನಹಳ್ಳಿಯ ಕಡೆ ಕೆಂಪೇಗೌಡ ವಿಮಾನನಿಲ್ದಾಣ ಸಿಗುತ್ತದೆ. ಇದೇ ಪಾಠದ ದೊಡ್ಡ ಅಧ್ಯಾಯವೊಂದು ಅಲ್ಲಿ ಕಾಣಿಸಿತು. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ, ಕಿಡಿಗೇಡಿಗಳಿಂದ ಗಣಕಗಳನ್ನು ರಕ್ಷಿಸಲು ಫಾಲ್ಕನ್ ಎಂಬ ಕಾವಲು ತಂತ್ರಾಂಶವನ್ನು ಕೊಡುತ್ತದೆ. ಅದನ್ನು ಅವರು ‘ಸಂವೇದಕ’ವೆಂದೇ ಕರೆಯುತ್ತಾರೆ. ಅದು ಕಾಯುವುದು ಶಾಖವನ್ನಲ್ಲ, ನುಸುಳುವವರನ್ನು. ಆದರೆ ಶಾಖದ ಕಾವಲುಗಾರನಂತೆ ಅದೂ ಕುಳಿತಿರುವುದು ಯಂತ್ರದ ಗರ್ಭಗುಡಿಯಲ್ಲಿಯೇ. ನಮ್ಮ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅದಕ್ಕೊಂದು ಹೊಸ ಕಡತ ಬಂದಿತು. ಇಪ್ಪತ್ತು ಅಂಶಗಳನ್ನು ನಿರೀಕ್ಷಿಸಿದ್ದ ತಂತ್ರಾಂಶ ಇಪ್ಪತ್ತೊಂದನೆಯದಕ್ಕೆ ಕೈಚಾಚಿ ಎಡವಿತು. ಅದರೊಡನೆ ಯಂತ್ರವೂ ಬಿದ್ದಿತು. ಸುಮಾರು ಒಂದೂಕಾಲು ಗಂಟೆಯಲ್ಲಿ ಸಂಸ್ಥೆ ಕಡತವನ್ನು ಹಿಂದೆಗೆದುಕೊಂಡರೂ ಅಷ್ಟರಲ್ಲಿ ಲೋಕದಲ್ಲಿ 85 ಲಕ್ಷ ಗಣಕಗಳು ಕೆಟ್ಟಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅಂದು ನಮ್ಮ ನಿಲ್ದಾಣದ ಒಂದನೆಯ ಟರ್ಮಿನಲ್‌ನಲ್ಲಿಯೂ ಕೆಲವು ವಿಮಾನಸಂಸ್ಥೆಗಳ ವ್ಯವಸ್ಥೆ ಸ್ಥಗಿತಗೊಂಡಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕೆಟ್ಟುಬಿದ್ದ ಯಂತ್ರಗಳಿಗೆ ಮದ್ದು ಅತಿ ಸರಳ: ಯಂತ್ರವನ್ನು ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸುವುದು. ಸರಳವಾದರೂ ಬಹುಪಾಲು ಯಂತ್ರಗಳ ಬಳಿಗೆ ಮನುಷ್ಯನೇ ನಡೆದುಹೋಗಬೇಕಾಯಿತು.

ಹಾಗಾದರೆ ನಮ್ಮ ಅಂಗಡಿಯವನು ಏನು ಮಾಡಬೇಕು? ದುಡ್ಡು ಬಿಚ್ಚುವ ಮೊದಲು ಪೆನ್ನು ಬಿಚ್ಚಬೇಕು. ಯಂತ್ರ ನಿಂತ ದಿನ, ಹೊತ್ತು, ಆಗ ನಡೆಯುತ್ತಿದ್ದ ಕೆಲಸ ಇವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ವಿಂಡೋಸ್‌ನಲ್ಲಿ ‘ರಿಲಯಬಿಲಿಟಿ ಮಾನಿಟರ್’ ಎಂಬ ದಿನಚರಿಯೇ ಇದೆ. ಮೊದಲ ಅಡಚಣೆ ಎಂದು ಬಂತು, ಅದಕ್ಕೆ ಮುಂಚೆ ಯಾವ ತಂತ್ರಾಂಶ ಸೇರಿತು ಎಂಬುದನ್ನು ಅದು ತೋರಿಸುತ್ತದೆ. ಯಂತ್ರ ಪೂರ್ತಿ ನಿಲ್ಲುವ ಮೊದಲು ಎರಡು ಸೆಕೆಂಡಿಗೊಮ್ಮೆ, ಐದು ಸೆಕೆಂಡಿಗೊಮ್ಮೆ ತಾಳ ಹಾಕಿದಂತೆ ಮುಗ್ಗರಿಸುತ್ತಿದ್ದರೆ, ಆ ತಾಳವನ್ನು ಕಾವಲು ತಂತ್ರಾಂಶದ ವಿಚಾರಣೆಯ ಅಂತರದೊಂದಿಗೆ ಹೋಲಿಸಬೇಕು. ಎರಡೂ ಹೊಂದಿದರೆ ಅರ್ಧ ಉತ್ತರ ಸಿಕ್ಕಂತೆ.

ಮುಂದಿನ ಹೆಜ್ಜೆ ಕಾವಲುಗಾರರೆಲ್ಲರನ್ನೂ ಮನೆಗೆ ಕಳಿಸುವುದು. ಎಲ್ಲರನ್ನೂ ಎಂದರೆ, ಶಾಖ ತೋರಿಸುವವನು, ಫ್ಯಾನು ತಿರುಗಿಸುವವನು, ದೀಪ ಬೆಳಗಿಸುವವನು ಎಲ್ಲರನ್ನೂ. ಕಿಟಕಿ ಮುಚ್ಚಿದಮಾತ್ರಕ್ಕೆ ಅವರು ಹೋದಂತಾಗುವುದಿಲ್ಲ. ಅವರ ಚಾಲಕ ತಂತ್ರಾಂಶ ಒಳಗೇ ಉಳಿದಿರಬಹುದು. ಆದ್ದರಿಂದ ಪೂರ್ತಿ ತೆಗೆದುಹಾಕಿ ಯಂತ್ರವನ್ನು ಹೊಸದಾಗಿ ಎಬ್ಬಿಸಬೇಕು. ವಾರಕ್ಕೊಮ್ಮೆ ನಿಲ್ಲುತ್ತಿದ್ದ ಯಂತ್ರವನ್ನು ಒಂದು ದಿನ ನೋಡಿ ವಾಸಿಯಾಯಿತೆನ್ನಬಾರದು. ಮೂರು ನಾಲ್ಕು ವಾರ ತಾಳ್ಮೆ ಬೇಕು. ಬಳಿಕ ಬೇಕೇ ಬೇಕೆನಿಸಿದವನನ್ನು ಒಬ್ಬೊಬ್ಬನಾಗಿ ಕರೆಯಬೇಕು. ವಿಚಾರಣೆಯ ಅಂತರವನ್ನು ಒಂದು ಸೆಕೆಂಡಿನಿಂದ ಹತ್ತಕ್ಕೆ ಏರಿಸಬಹುದು. ಎಸ್‌ಎಂಬಸ್, ಎಂಬೆಡೆಡ್ ಕಂಟ್ರೋಲರ್, ಡಿಸ್ಕು ಇವುಗಳ ವಿಚಾರಣೆಯನ್ನು ಬೇರೆಬೇರೆಯಾಗಿ ನಿಲ್ಲಿಸಿ ನೋಡಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ತಪ್ಪಬಾರದು. ಒಮ್ಮೆಗೇ ಮೂರನ್ನು ಬದಲಿಸಿದವನಿಗೆ ಗುಣವಾದೀತು, ಕಾರಣ ಮಾತ್ರ ತಿಳಿಯದು. ಕಾರಣ ತಿಳಿಯದ ಗುಣ ಸಾಲದ ಹಣವಿದ್ದಂತೆ.

ಕಾವಲುಗಾರರೆಲ್ಲ ಹೋದಮೇಲೂ ಯಂತ್ರ ನಿಂತರೆ? ಆಗ ಅವರು ನಿರಪರಾಧಿಗಳೆಂದು ಒಪ್ಪಿ, ಸ್ಮೃತಿಕೋಶ, ಡಿಸ್ಕು, ವಿದ್ಯುತ್ ಪೆಟ್ಟಿಗೆಗಳ ಪರೀಕ್ಷೆಗೆ ಇಳಿಯಬೇಕು. ಆಗ ಮಾಡುವ ವೆಚ್ಚಕ್ಕೆ ಅರ್ಥವಿದೆ.

ಕಾವಲಿಲ್ಲದ ಯಂತ್ರ ಶಾಖಕ್ಕೆ ಸುಟ್ಟುಹೋಗುವುದಿಲ್ಲವೇ ಎಂದು ಕೇಳಬಹುದು. ಇಂದಿನ ಸಂಸ್ಕಾರಕಗಳು ತಮ್ಮ ಮೈಯ ಶಾಖವನ್ನು ತಾವೇ ಬಲ್ಲವು. ಮಿತಿಯನ್ನು ಮುಟ್ಟಿದಾಗ, ಅನೇಕ ಮಾದರಿಗಳಲ್ಲಿ ಅದು ನೂರು ಡಿಗ್ರಿಯ ಆಸುಪಾಸು, ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಮೀರಿದರೆ ಯಂತ್ರವೇ ಆರಿಹೋಗುತ್ತದೆ. ಈ ರಕ್ಷಣೆ ಸಿಲಿಕಾನಿನಲ್ಲೇ ಅಡಗಿದೆ. ಪರದೆಯ ಮೂಲೆಯ ಅಂಕಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಆ ಅಂಕಿ ಕೊಡುವವನು ರಕ್ಷಕನೆನ್ನುವುದಕ್ಕಿಂತ ವರದಿಗಾರನೆನ್ನುವುದು ಸರಿ. ಅವನ ವರದಿಯೂ ಸದಾ ನಿಜವಲ್ಲ: ಯಾವ ತಂತಿಯೂ ಸೇರದ ಸಂವೇದಕವೊಂದು 127 ಡಿಗ್ರಿ ತೋರಿಸಿ ಗಾಬರಿಪಡಿಸುವುದುಂಟು. ಶಾಖ ನೋಡಲೇಬೇಕೆಂದರೆ ಬಯೋಸಿನ ಪುಟದಲ್ಲಿ ನೋಡಬಹುದು. ಒಳಗಿನ ಧೂಳನ್ನು ಒರೆಸುವುದು ಅದಕ್ಕಿಂತಲೂ ಮೇಲು.

ಕೋಗಿಲಿಗೆ ಹತ್ತಿರದಲ್ಲೇ, ಯಲಹಂಕದಲ್ಲಿ, 1984ರಲ್ಲಿ ಆರಂಭವಾದ ರೈಲುಗಾಲಿಗಳ ಕಾರ್ಖಾನೆಯಿದೆ. ಗಾಲಿಯ ಮಾತು ಬಂದಾಗ ರೈಲ್ವೆಯ ಒಂದು ಹಳೆಯ ಕಸಬು ನೆನಪಾಗುತ್ತದೆ. ಗಾಡಿ ನಿಲ್ದಾಣದಲ್ಲಿ ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದ ಒಬ್ಬಾತ ಸಾಲಾಗಿ ಗಾಲಿಗಳನ್ನು ಮೆಲ್ಲಗೆ ತಟ್ಟುತ್ತ ನಡೆಯುತ್ತಿದ್ದ. ಗಟ್ಟಿಯಾದ ಗಾಲಿ ಗಂಟೆಯಂತೆ ದನಿಗೊಡುತ್ತಿತ್ತು. ಬಿರುಕು ಬಿಟ್ಟದ್ದರ ದನಿ ಒಡೆದಿರುತ್ತಿತ್ತು. ಗಾಡಿ ನಿಂತಾಗ ಮಾತ್ರ ಆತ ತಟ್ಟುತ್ತಿದ್ದ. ಗಾಲಿಗೊಂದೆರಡು ಪೆಟ್ಟು ಅವನಿಗೆ ಸಾಕಾಗುತ್ತಿತ್ತು. ಓಡುವ ಗಾಡಿಯ ಗಾಲಿಗೆ ಸೆಕೆಂಡಿಗೊಮ್ಮೆ ಸುತ್ತಿಗೆ ಹಾಕಬೇಕೆಂದು ಅವನಿಗೆ ಎಂದೂ ತೋರಲಿಲ್ಲ. ದನಿ ಕೇಳಿಯಾದಮೇಲೆ ಸುತ್ತಿಗೆಯನ್ನು ಹೆಗಲಿಗೇರಿಸಿ ಅವನು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ, ಗಾಡಿ ಹೊರಡುತ್ತಿತ್ತು.