ತರಗೆಲೆಯಡಿಯ ಸಾಕ್ಷಿಗಳು

ಮಕ್ಕಳೇ, ಮಳೆಗಾಲ ಹಿಡಿದ ಮೇಲೆ ಸತ್ತೂರಿನ ಯಾವುದಾದರೂ ಹಳೆಯ ಮಾವಿನ ಮರದ ಬುಡಕ್ಕೆ ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗಿ. ಬರಿಗೈ ಹಾಕಬೇಡಿ, ನಿಜವಾದ ಚೇಳೂ ಅಲ್ಲಿರಬಹುದು. ಮೇಲಿನ ಒಣ ಎಲೆಗಳನ್ನು ಕೋಲಿನಿಂದ ಸರಿಸಿ, ಕೆಳಗಿನ ಕೊಳೆತ ತರಗನ್ನು ಸಾಣಿಗೆಗೆ ಹಾಕಿ, ಬಿಳಿ ಬಟ್ಟೆಯ ಮೇಲೆ ಜಾಡಿಸಿ. (ಅಡುಗೆಮನೆಯ ಸಾಣಿಗೆಯಾದರೆ ಅವ್ವನನ್ನು ಮೊದಲೇ ಕೇಳಿರಿ!)

ಈಗ ಸುಮ್ಮನೆ ಕೂತು ನೋಡಿ. ಕಸ ಅಂದುಕೊಂಡದ್ದು ನಡೆಯತೊಡಗುತ್ತದೆ. ಎಂಟು ಕಾಲಿದ್ದರೆ ಅದು ಜೇಡ-ಚೇಳುಗಳ ಬಳಗ. ಎರಡು-ಮೂರು ಮಿಲಿಮೀಟರ್ ಉದ್ದ, ಮುಂದೆ ಎರಡು ಇಕ್ಕಳ, ಮುಟ್ಟಿದರೆ ಸರ್ರನೆ ಹಿಂದಕ್ಕೆ ಓಟ: ಅದು ಹುಸಿಚೇಳು. ಬಾಲವಿಲ್ಲ, ಕೊಂಡಿಯಿಲ್ಲ, ನಮಗೇನೂ ಮಾಡದು.

ವಿಜ್ಞಾನಿಗಳು ಜಾಲರಿ ಇಟ್ಟ ಆಲಿಕೆಗೆ ತರಗು ತುಂಬಿ, ಮೇಲೆ ಬಲ್ಬು ಹಚ್ಚುತ್ತಾರೆ. ಬಿಸಿ ತಾಳದ ಜೀವಿಗಳು ಕೆಳಗಿಳಿಯುತ್ತ ಆಲ್ಕೋಹಾಲಿನ ಶೀಸೆಗೆ ಬೀಳುತ್ತವೆ. ಆಲಿಕೆಯ ಉಪಾಯ 1905ರಲ್ಲಿ ಇಟಲಿಯ ಬರ್ಲೀಸೆ ಮಾಡಿದ್ದು.

ಇಷ್ಟು ಸಣ್ಣವುಗಳ ಹಿಂದೆ ಯಾಕಿಷ್ಟು ಓಡಾಟ? ನೆಲದ ಹಳೆಯ ಕಥೆಗೆ ಇಂಥವೇ ಸಾಕ್ಷಿ. ಆದರೆ ಎಲ್ಲವೂ ಒಳ್ಳೆಯ ಸಾಕ್ಷಿಗಳಲ್ಲ. ಹುಸಿಚೇಳುಗಳಲ್ಲಿ ಕೆಲವು ನೊಣದ ಕಾಲು ಹಿಡಿದು ಪುಕ್ಕಟೆ ಪ್ರಯಾಣ ಮಾಡುತ್ತವೆ. ಅಂಥವುಗಳ ಹಳೆಯ ಊರು ಹೇಳುವುದು ಕಷ್ಟ. ನನಗೆ ಹೆಚ್ಚು ನಂಬಿಕೆ ಅವುಗಳ ದೂರದ ನೆಂಟರಾದ ಪೆಟ್ಟಾಲಿಡೇ ಕುಟುಂಬದ ಮೇಲೆ. ಉಣ್ಣಿಯಂತೆ ಕಾಣುವ ಈ ಗಿಡ್ಡಕಾಲಿನವು ತೇವದ ತರಗೆಲೆ ಬಿಟ್ಟು ದೂರ ಹೋಗುವುದಿಲ್ಲ. ಸಮುದ್ರ ದಾಟುವ ಮಾತಂತೂ ದೂರ. ಆದರೂ ಅವು ಶ್ರೀಲಂಕಾ, ಮಡಗಾಸ್ಕರ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿಗಳಲ್ಲಿ ಸಿಗುತ್ತವೆ! ಅವು ನಡೆದು ಹೋದದ್ದಲ್ಲ; ನೆಲವೇ ಹೋಳಾಗಿ ಸರಿಯಿತು. ಈ ನಾಡುಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ಭೂಖಂಡ. ನಮ್ಮ ಭಾರತವೂ ಅದರ ತುಂಡೇ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನಿಂದ ಬಿಡಿಸಿಕೊಂಡು, ಉತ್ತರಕ್ಕೆ ಸರಿದು ಏಷ್ಯಾಕ್ಕೆ ಬಂದು ತಾಗಿತು.

ಈಶಾನ್ಯದಲ್ಲಿ ಕಥೆ ಬೇರೆ. ಅಲ್ಲಿ ಸಿಕ್ಕ ಇಂಥದೇ ಜೀವಿಗೆ 2007ರಲ್ಲಿ ‘ಮೇಘಾಲಯ’ ಎಂದೇ ಹೆಸರಿಟ್ಟರು. ಅದರ ಬಂಧುಗಳಿರುವುದು ಆಗ್ನೇಯ ಏಷ್ಯಾದಲ್ಲಿ. ಶ್ರೀಲಂಕಾದ್ದಕ್ಕೂ ಇದಕ್ಕೂ ನಡುವೆ ನಮ್ಮ ಸಹ್ಯಾದ್ರಿ ಇದೆ. ಇಲ್ಲಿ ಇಂಥದು ಸಿಕ್ಕರೆ ಅದು ಯಾರ ನೆಂಟ? ತರಗಿನಲ್ಲೇ ಹುಡುಕಬೇಕು. ಕಲಘಟಗಿ ದಾಟಿ ಪಶ್ಚಿಮಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ. ಸಂಶೋಧಕರು ಅಲ್ಲಿ ಜೀವಿ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಹಿಡಿದದ್ದರ ಹೆಸರು ಆಮೇಲೆ ಹುಡುಕಬಹುದು. ಸಿಕ್ಕ ಜಾಗ, ದಿನಾಂಕ ಮಾತ್ರ ಆಗಲೇ ಬರೆದು ಶೀಸೆಯೊಳಗೆ ಹಾಕಬೇಕು, ಅದೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.