ಮರೆವು ಬಂದವರನ್ನು ಕೊನೆಯವರೆಗೆ ನೋಡಿಕೊಳ್ಳೋಣ
(ಮಂಡೆಕೋಲಿನಲ್ಲಿ ಆಡಿದ ಮಾತು)



"ಅಜ್ಜನಿಗೆ ಅರಳುಮರಳು." ಈ ಮಾತು ನಾವು ಎಷ್ಟೋ ಸಲ ಕೇಳಿದ್ದೇವೆ. ಪ್ರಾಯ ಆದರೆ ಹಾಗೆಯೇ ಅಂತ ಸುಮ್ಮನಾಗುತ್ತೇವೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಾಮಾನ್ಯ. ಆದರೆ ಊಟ ಮಾಡಿದ್ದೇ ಮರೆತರೆ? ಮಗಳನ್ನೇ "ನೀನು ಯಾರು?" ಅಂತ ಕೇಳಿದರೆ? ತನ್ನ ಅಡಿಕೆ ತೋಟದಲ್ಲೇ ದಾರಿ ತಪ್ಪಿದರೆ?

ಅದು ಕಾಯಿಲೆ ಇರಬಹುದು. ಅದರ ಹೆಸರು ಡಿಮೆನ್ಶಿಯಾ. ಇದರಲ್ಲಿ ಮಿದುಳು ನಿಧಾನವಾಗಿ ಹಾಳಾಗುತ್ತದೆ. ಇದು ಮಾಟ ಅಲ್ಲ, ಶಾಪ ಅಲ್ಲ, ಮುದುಕರ ಹಠವೂ ಅಲ್ಲ. ನಮ್ಮ ದೇಶದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಮಂದಿಗೆ ಇದು ಉಂಟು ಎಂದು 2023ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. 100 ಹಿರಿಯರಲ್ಲಿ ಸುಮಾರು 7 ಮಂದಿ.

ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದು. ಅದಕ್ಕೆ ಔಷಧಿ ಉಂಟು. ಆದರೆ ಡಿಮೆನ್ಶಿಯಾವನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಹಾಗಾದರೆ ನಾವು ಕೈಕಟ್ಟಿ ಕೂರಬೇಕೇ? ಬೇಡ.

ಗುಣವಾಗದ ಕಾಯಿಲೆಯಲ್ಲೂ ನೋವು ಕಡಿಮೆ ಮಾಡಬಹುದು. ಭಯ ಕಡಿಮೆ ಮಾಡಬಹುದು. ಇದಕ್ಕೆ ಉಪಶಮನ ಆರೈಕೆ ಎನ್ನುತ್ತಾರೆ. ಕೊನೆಯ ದಿನಗಳಲ್ಲಿ ಇಂತಹ ಆರೈಕೆ ಕೊಡುವ ಮನೆಗೆ ಹಾಸ್ಪಿಸ್ ಎಂದು ಹೆಸರು. ಬೆಂಗಳೂರಿನ ಕರುಣಾಶ್ರಯ ಅಂತಹ ಒಂದು ಮನೆ. ಅದು ಕ್ಯಾನ್ಸರ್ ರೋಗಿಗಳಿಗಾಗಿ ಶುರುವಾದದ್ದು. ಮರೆವಿನ ಕಾಯಿಲೆ ಎಷ್ಟೋ ವರ್ಷ ಇರುತ್ತದೆ. ಆದ್ದರಿಂದ ಹೆಚ್ಚಿನವರಿಗೆ ಮನೆಯೇ ಹಾಸ್ಪಿಸ್ ಆಗಬೇಕು.

ಮನೆಯಲ್ಲಿ ಏನು ಮಾಡಬೇಕು?

ಅವರನ್ನು ಕಟ್ಟಿ ಹಾಕಬೇಡಿ. ಬಾವಿಗೆ, ಕೆರೆಗೆ ಬೇಲಿ ಹಾಕಿ.

"ಆಗಲೇ ಹೇಳಿದೆನಲ್ಲ!" ಅಂತ ಗದರಬೇಡಿ. ಮಾತು ಮರೆತರೂ ಗದರಿದ ಭಯ ಉಳಿಯುತ್ತದೆ.

ನೋವು ಉಂಟು ಅಂತ ಹೇಳಲು ಅವರಿಗೆ ಬಾರದು. ಮುಖ ನೋಡಿ ತಿಳಿಯಬೇಕು.

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಊಟ ಕೊಡುವಾಗ ಕೂರಿಸಿ. ಮೆತ್ತಗಿನ ಗಂಜಿಯನ್ನು ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡಿ. ಕೊನೆಕೊನೆಗೆ ನುಂಗಲು ಆಗುವುದಿಲ್ಲ. ಆಗ ಒತ್ತಾಯದಿಂದ ತುರುಕಬೇಡಿ. ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ತುಟಿ ಒದ್ದೆ ಮಾಡಿ, ಕೈ ಹಿಡಿದು ಕೂತುಕೊಳ್ಳಿ. "ಉಪವಾಸ ಹಾಕಿ ಕೊಂದರು" ಅಂತ ಊರಿನವರು ಆಡಬಾರದು. ಅದು ಕಾಯಿಲೆಯ ಕೊನೆಯ ಹಂತ.

ಇನ್ನು ನೋಡಿಕೊಳ್ಳುವವರ ಮಾತು. ಹೆಚ್ಚಾಗಿ ಅದು ಸೊಸೆ ಅಥವಾ ಮಗಳು. ಹಗಲು ತೋಟ, ಅಡುಗೆ, ದನ. ರಾತ್ರಿ ಅತ್ತೆಯ ಹಿಂದೆ ಓಡಾಟ. ಅವಳಿಗೆ ನಿದ್ದೆ ಬೇಡವೇ? ಈ ಕೆಲಸ ಹೆಂಗಸರದ್ದು ಮಾತ್ರ ಅಲ್ಲ. ಗಂಡಸರೂ ಮೀಸಬೇಕು, ಬಟ್ಟೆ ಬದಲಿಸಬೇಕು. ದೂರದ ಊರಿನಲ್ಲಿರುವ ಮಕ್ಕಳು ಹಣ ಕಳಿಸಿದರೆ ಸಾಲದು, ಬಂದು ನಾಲ್ಕು ದಿನ ನಿಲ್ಲಬೇಕು. ನೆರೆಮನೆಯವರು ವಾರಕ್ಕೆ ಎರಡು ಗಂಟೆ ಹೋಗಿ ಕೂತರೂ ಅವಳು ಮಲಗಬಹುದು.

ಮಂಡೆಕೋಲು ಗಡಿಯ ಊರು. ಆಚೆ ಕಾಸರಗೋಡು ಜಿಲ್ಲೆ. ಕೇರಳ ಸರಕಾರ 2008ರಲ್ಲೇ ಉಪಶಮನ ಆರೈಕೆಯ ನೀತಿ ತಂದಿತು. ಅಲ್ಲಿ ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರುತ್ತಾರೆ. ಹಾಸಿಗೆ ಹಿಡಿದವರನ್ನು ನೋಡುತ್ತಾರೆ, ಮನೆಯವರಿಗೂ ಕಲಿಸುತ್ತಾರೆ. ನಮ್ಮಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯೂ, ಉಪಶಮನ ಆರೈಕೆಯೂ ಉಂಟು. ಪಟ್ಟಿಯಲ್ಲಿ ಇರುವುದು ಮನೆ ಬಾಗಿಲಿಗೆ ಬರಬೇಕಾದರೆ ನಾವು ಕೇಳಬೇಕು.

ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರ ಮನಸ್ಸು ಸೋತರೆ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ನಮ್ಮ ಊರಿಗೂ ಮನೆಗೆ ಬರುವ ನರ್ಸ್ ಬೇಕು ಎಂದು ಅರ್ಜಿ ಕೊಡೋಣ. ಅರ್ಜಿಯನ್ನು ಬೇರೆಯವರಿಂದ ಬರೆಸುವುದು ಬೇಡ. ಈಗ ನಮಗೇ ಬರೆಯಲು ಬರುತ್ತದೆ. ಕೆಳಗೆ ಹೆಬ್ಬೆಟ್ಟು ಬೇಡ, ಸಹಿ ಹಾಕೋಣ.